ಒಪ್ಯಾಕ್‌ನಲ್ಲಿ ಕಾಣದ ಪುಸ್ತಕ: ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕುವ ಬಗೆ

ಗ್ರಂಥಾಲಯದ ಒಪ್ಯಾಕ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಹುಡುಕುವ ಪುಸ್ತಕಗಳ ಪಟ್ಟಿಯಲ್ಲಿ, ಕನ್ನಡ ಪುಸ್ತಕದ ಹೆಸರು ಹಾಕಿದಾಗ ಏನೂ ಬರಲಿಲ್ಲವೆಂದು ಎದ್ದುಹೋಗಬೇಡಿ. ಎಷ್ಟೋ ಸಲ ಪುಸ್ತಕ ಒಳಗೇ ಇರುತ್ತದೆ. ನೀವು ಟೈಪ್ ಮಾಡಿದ ಹಾಗೆ ಅದರ ಹೆಸರನ್ನು ನಮೂದಿಸಿರುವುದಿಲ್ಲ, ಅಷ್ಟೆ.

ಕರ್ನಾಟಕದ ಹಲವು ಕಾಲೇಜು, ವಿಶ್ವವಿದ್ಯಾಲಯಗಳ ಒಪ್ಯಾಕ್ ಕೋಹಾ ತಂತ್ರಾಂಶದ್ದು. ಕನ್ನಡ ಪುಸ್ತಕಗಳ ಹೆಸರು ಕೆಲವೆಡೆ ಕನ್ನಡ ಲಿಪಿಯಲ್ಲಿದ್ದರೆ ಕೆಲವೆಡೆ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ. ಒಂದೇ ಗ್ರಂಥಾಲಯದಲ್ಲಿ ಎರಡೂ ಇರುವುದುಂಟು. ಆದ್ದರಿಂದ ಎರಡರಲ್ಲೂ ಹುಡುಕಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಛಂದಸ್ಸು’ ಎಂಬುದನ್ನು ಒಬ್ಬರು ಸಿ-ಎಚ್ ಎಂದು ಶುರು ಮಾಡಿರುತ್ತಾರೆ, ಇನ್ನೊಬ್ಬರು ಸಿ-ಎಚ್-ಎಚ್ ಎಂದು, ಮತ್ತೊಬ್ಬರು ಬರೀ ಸಿ ಎಂದು. ಶ, ಷ, ಛ, ದೀರ್ಘಸ್ವರ ಇರುವ ಪದಗಳೆಲ್ಲ ಹೀಗೇ. ಪೂರ್ತಿ ಶೀರ್ಷಿಕೆ ಹಾಕುವ ಬದಲು ಅದರಲ್ಲಿ ಒಂದೇ ರೀತಿ ಬರೆಯಲು ಬರುವ ಪದವನ್ನು ಆರಿಸಿಕೊಳ್ಳಿ: ‘ಕವನ’, ‘ಜನಪದ’ ಇಂಥವು. ಅಂಥದ್ದು ಸಿಗದಿದ್ದರೆ ಪದದ ಮೊದಲ ನಾಲ್ಕೈದು ಅಕ್ಷರ ಬರೆದು ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ. ಮುಂದಿನ ಭಾಗ ಹೇಗೇ ಇದ್ದರೂ ಬರುತ್ತದೆ.

ಕನ್ನಡ ಲಿಪಿಯಲ್ಲೂ ಒಂದು ತೊಡಕಿದೆ. ‘ಸೂರ್ಯ’ ಎಂದು ಅರ್ಕಾವತ್ತಿನಲ್ಲಿ ಬರೆದದ್ದೂ ‘ಸೂರ‍್ಯ’ ಎಂದು ಒತ್ತಕ್ಷರದಲ್ಲಿ ಬರೆದದ್ದೂ ನಮ್ಮ ಕಣ್ಣಿಗೆ ಒಂದೇ ಪದ. ಯೂನಿಕೋಡಿನಲ್ಲಿ ಎರಡನೆಯದರ ಒಳಗೆ ಕಣ್ಣಿಗೆ ಕಾಣದ ಜೋಡಕವೊಂದು ಸೇರಿರುತ್ತದೆ, ಹಾಗಾಗಿ ಕಂಪ್ಯೂಟರಿಗೆ ಅದು ಬೇರೆ ಪದವಾಗಿಬಿಡಬಹುದು. ಅರ್ಕಾವತ್ತಿಲ್ಲದ ಪದ ಹಾಕಿ ಹುಡುಕುವುದು ಕ್ಷೇಮ.

ಲೇಖಕರ ಹೆಸರಿನಲ್ಲಿ ಹುಡುಕುವಾಗ ಇನಿಷಿಯಲ್ ಬಿಡಿ. ಕಾವ್ಯನಾಮವನ್ನೂ ನಿಜನಾಮವನ್ನೂ ಎರಡನ್ನೂ ಹಾಕಿ ನೋಡಿ. ಕುವೆಂಪು ಅವರ ಕೃತಿಗಳು ‘ಪುಟ್ಟಪ್ಪ, ಕೆ. ವಿ.’ ಎಂಬಲ್ಲಿ, ಶ್ರೀರಂಗರ ನಾಟಕಗಳು ‘ರಂಗಾಚಾರ್ಯ, ಆದ್ಯ’ ಎಂಬಲ್ಲಿ ಸೇರಿಕೊಂಡಿರಬಹುದು.

ಪುಸ್ತಕ ಸಿಕ್ಕಿತೇ? ಕಾಲ್ ನಂಬರನ್ನು (ರ‍್ಯಾಕಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಪೂರ್ತಿ ಬರೆದುಕೊಳ್ಳಿ, ಕೆಳಗಿನ ಮೂರು ಅಕ್ಷರವನ್ನೂ ಬಿಡದೆ. ಜೊತೆಗೆ ಅಕ್ಸೆಶನ್ ನಂಬರ್ (ಗ್ರಂಥಾಲಯ ಒಂದೊಂದು ಪ್ರತಿಗೂ ಕೊಡುವ ಬೇರೆ ಬೇರೆ ಸಂಖ್ಯೆ), ಅದು ಯಾವ ವಿಭಾಗದಲ್ಲಿದೆ ಎಂಬುದನ್ನೂ ಬರೆದುಕೊಳ್ಳಿ. ಪುಸ್ತಕ ರೆಫರೆನ್ಸ್ ವಿಭಾಗದಲ್ಲೋ ಕನ್ನಡ ಅಧ್ಯಯನ ವಿಭಾಗದ ಗ್ರಂಥಾಲಯದಲ್ಲೋ ಇದ್ದರೆ ಮುಖ್ಯ ಕಟ್ಟಡದ ರ‍್ಯಾಕುಗಳನ್ನು ಸುತ್ತಿ ಫಲವಿಲ್ಲ.

ಹೆಚ್ಚಿನವರು ದಾರಿ ತಪ್ಪುವುದು ರ‍್ಯಾಕಿನ ಮುಂದೆ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕೊನೆಗೆ 1 ಸೇರಿದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 09 ಸಾಹಿತ್ಯ ಚರಿತ್ರೆ ಮತ್ತು ವಿಮರ್ಶೆ. ಈಗ 894.81409 ಎಲ್ಲಿರುತ್ತದೆ? ಅಂಕೆ ಉದ್ದವಾಗಿದೆಯೆಂದು ಕೊನೆಯಲ್ಲಿ ಹುಡುಕುತ್ತಾರೆ. ಅದು 894.8141ಕ್ಕಿಂತ ಮೊದಲೇ ಇರುತ್ತದೆ. ಚುಕ್ಕೆಯ ನಂತರ ಒಂದೊಂದೇ ಅಂಕೆ ಹೋಲಿಸಬೇಕು: 814ರ ಮುಂದೆ ಒಂದರಲ್ಲಿ 0 ಇದೆ, ಇನ್ನೊಂದರಲ್ಲಿ 1. ಸೊನ್ನೆ ಮೊದಲು. ಸಾಲು ಹೀಗಿರುತ್ತದೆ: 894.814, 894.81409, 894.8141, 894.8143. ಇದಕ್ಕೂ ಹಿಂದೆ 894.811ರಲ್ಲಿ ತಮಿಳು, ಮುಂದೆ 894.827ರಲ್ಲಿ ತೆಲುಗು. ಇನ್ನೊಂದು ಮಾತು: ಒಂದು ರ‍್ಯಾಕಿನ ಎಲ್ಲ ಅಂತಸ್ತುಗಳನ್ನೂ ಮೇಲಿನಿಂದ ಕೆಳಗೆ ಮುಗಿಸಿಯೇ ಪಕ್ಕದ ರ‍್ಯಾಕಿಗೆ ಹೋಗಬೇಕು. ಮೇಲಿನ ಅಂತಸ್ತನ್ನೇ ಹಿಡಿದು ಉದ್ದಕ್ಕೆ ನಡೆದರೆ ಸಂಖ್ಯೆಗಳು ಜಿಗಿಯುತ್ತವೆ.

ವಿಷಯ ಹಿಡಿದು ಹುಡುಕುವವರು ಒಂದೇ ಸಂಖ್ಯೆಗೆ ಜೋತುಬೀಳಬಾರದು. ಯಕ್ಷಗಾನವನ್ನೇ ನೋಡಿ. ಪ್ರಸಂಗಗಳು 894.8142ರಲ್ಲಿ, ರಂಗಪ್ರದರ್ಶನದ ಪುಸ್ತಕಗಳು 792ರಲ್ಲಿ, ಜಾನಪದವೆಂದು ಭಾವಿಸಿ ವರ್ಗೀಕರಿಸಿದವು 398ರಲ್ಲಿ ಹಂಚಿಹೋಗಿರಬಹುದು.

ಒಪ್ಯಾಕ್‌ನಲ್ಲಿ ‘ಲಭ್ಯ’ ಎಂದಿದ್ದು ಜಾಗದಲ್ಲಿ ಇಲ್ಲದಿದ್ದರೆ ಮೇಲಿನ, ಕೆಳಗಿನ ಅಂತಸ್ತು, ಸಾಲಿನ ಹಿಂಬದಿಗೆ ಜಾರಿದವು, ಓದುವ ಮೇಜು, ವಾಪಸಾದ ಪುಸ್ತಕಗಳ ಟ್ರಾಲಿ, ಈ ಕ್ರಮದಲ್ಲಿ ನೋಡಿ. ಆಮೇಲೂ ಸಿಗದಿದ್ದರೆ ಅಕ್ಸೆಶನ್ ನಂಬರ್ ಹೇಳಿ ಕೌಂಟರಿನಲ್ಲಿ ಕೇಳಿ. ಬೈಂಡಿಂಗಿಗೆ ಹೋಗಿರಬಹುದು.

ಶಾಸನ ಸಂಪುಟ ಕೇಳುವಾಗ ಬರೀ ಸಂಪುಟ ಸಂಖ್ಯೆ ಸಾಲದು, ಆವೃತ್ತಿಯನ್ನೂ ಹೇಳಲೇಬೇಕು. ಕರ್ನಾಟಕದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಹಳೆಯ ಆವೃತ್ತಿಯಲ್ಲಿ 5ನೇ ಸಂಪುಟ ಹಾಸನ ಜಿಲ್ಲೆಯದು, ಪರಿಷ್ಕೃತ ಆವೃತ್ತಿಯಲ್ಲಿ 5ನೇ ಸಂಪುಟ ಮೈಸೂರು ಜಿಲ್ಲೆಯದು. ಅಡಿಟಿಪ್ಪಣಿಯಲ್ಲಿ ಯಾವ ಆವೃತ್ತಿಯೆಂದು ನೋಡಿಕೊಳ್ಳದೆ ಹೊರಟರೆ ಬೇರೆ ಊರಿನ ಶಾಸನ ಕೈಗೆ ಬರುತ್ತದೆ.

ಸಿ.ಡಿ., ಡಿ.ವಿ.ಡಿ.ಗಳಿಗೆ ಒಪ್ಯಾಕ್‌ನ ವಿಸ್ತೃತ ಹುಡುಕಾಟದಲ್ಲಿ ಸಾಮಗ್ರಿಯ ಬಗೆಯನ್ನು ಆರಿಸಿ. ಪುಸ್ತಕದ ಜೊತೆ ಬಂದ ಸಿ.ಡಿ.ಯನ್ನು ಸಾಮಾನ್ಯವಾಗಿ ಬೇರೆಯಾಗಿ ತೆಗೆದಿಟ್ಟಿರುತ್ತಾರೆ, ಪುಸ್ತಕ ಪಡೆಯುವಾಗಲೇ ಕೇಳಿ. ಹಳೆಯ ಪತ್ರಿಕೆಗಳ ಬೈಂಡ್ ಸಂಪುಟಕ್ಕೆ ತಿಂಗಳು, ಇಸವಿ ಬರೆದ ಚೀಟಿ ಕೊಡಬೇಕು. ಒಳಗಿನ ಲೇಖನಗಳು ಒಪ್ಯಾಕ್‌ನಲ್ಲಿ ಇರುವುದಿಲ್ಲವಾದ್ದರಿಂದ ದಿನಾಂಕ ಗೊತ್ತಿಲ್ಲದೆ ಹೋದರೆ ಇಡೀ ಸಂಪುಟ ತಿರುವಿಹಾಕಬೇಕಾಗುತ್ತದೆ.

ಪಿಎಚ್.ಡಿ. ಮಹಾಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಶೋಧಗಂಗಾ ಜಾಲತಾಣ ಇದೆ, ಲಾಗಿನ್ ಬೇಕಿಲ್ಲ. ಅಲ್ಲೂ ಕನ್ನಡ ಶೀರ್ಷಿಕೆಗಳ ಕಾಗುಣಿತ ನಂಬುವಂತಿಲ್ಲ. ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ, ಹೀಗೆ ಒಂದೊಂದೇ ಪಟ್ಟಿ ತೆರೆಯುತ್ತ ಇಳಿಯುವುದೇ ವಾಸಿ. ಪ್ರಬಂಧ ಅಧ್ಯಾಯವಾರು ಬಿಡಿ ಪಿಡಿಎಫ್‌ಗಳಾಗಿರುತ್ತದೆ. ಮೊದಲು ಗ್ರಂಥಋಣದ ಕಡತ ತೆರೆಯಿರಿ. ನೀವು ಹುಡುಕಬೇಕಾದ ಮುಂದಿನ ಹತ್ತು ಪುಸ್ತಕಗಳ ಹೆಸರು, ಪ್ರಕಾಶಕರು, ಇಸವಿ ಅಲ್ಲೇ ಸಿಗಬಹುದು. ಅವನ್ನು ಹಿಡಿದು ಮತ್ತೆ ಒಪ್ಯಾಕ್‌ಗೆ ಬನ್ನಿ.