ಮೂರು ಹಳೇ ಸ್ಪೀಕರ್ ಸೆಟ್ ಸೇರಿಸಿ 5.1 ಮಾಡಿಕೊಂಡಿದ್ದು

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಹಂಚಿನ ಮಾಡು, ಅಂಗಳಕ್ಕೆ ತಗಡಿನ ಶೀಟು. ಜುಲೈ ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಸರಿಯಾಗಿ ಕೇಳುವುದಿಲ್ಲ. ಅಂಥ ಒಂದು ರಾತ್ರಿ ಕಂಪ್ಯೂಟರನ್ನು ಟಿವಿಗೆ ಜೋಡಿಸಿ ಸಿನಿಮಾ ನೋಡುವಾಗ ಅಪ್ಪಯ್ಯ ಮೂರು ಸಲ ಕೇಳಿದರು, "ಎಂತ ಹೇಳ್ದ ಮಾರಾಯ ಅವ?" ನಾನು ವಾಲ್ಯೂಮ್ ಏರಿಸಿದೆ. ಮಾತಿನ ಜೊತೆ ಸಂಗೀತವೂ ಏರಿತು. ಮಾತು ಮಾತ್ರ ಮುಳುಗಿಯೇ ಇತ್ತು.

ಮನೆಯಲ್ಲಿ ಆಗ ಮೂರು ಸೆಟ್ ಸ್ಪೀಕರ್ ಇದ್ದವು. ನನ್ನ ಕಂಪ್ಯೂಟರಿನ 2.1, ಅಂದರೆ ದಪ್ಪ ಸದ್ದಿಗೆ ಒಂದು ವೂಫರ್, ಎರಡು ಚಿಕ್ಕ ಪೆಟ್ಟಿಗೆ. ತಮ್ಮ ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಇನ್ನೊಂದು 2.1. ನಾಗಂದಿಗೆ ಮೇಲೆ ಧೂಳು ತಿನ್ನುತ್ತಿದ್ದ, ಯುಎಸ್‌ಬಿಯಿಂದ ಕರೆಂಟ್ ತಗೊಳ್ಳುವ ಒಂದು ಚಿಕ್ಕ ಜೋಡಿ. ಇವನ್ನೇ ಸೇರಿಸಿದರೆ ಹೇಗೆ ಅನ್ನಿಸಿತು.

ಮೊದಲು ಮಾಡಿದ್ದು ತಪ್ಪು ಕೆಲಸ. ಶಿವಮೊಗ್ಗದ ನೆಹರೂ ರೋಡಿನಲ್ಲಿ ಒಂದನ್ನು ಎರಡು ಮಾಡುವ ಕವಲು ಪಿನ್ ತಂದು, ಒಂದೇ ತೂತಿಗೆ ಎರಡು ಸೆಟ್ ಚುಚ್ಚಿದೆ. ಸದ್ದು ಎಲ್ಲ ಕಡೆಯಿಂದ ಬಂತು, ಆದರೆ ಎಲ್ಲ ಕಡೆಯಿಂದ ಒಂದೇ ಸದ್ದು. ಅದು ಸರೌಂಡ್ ಅಲ್ಲ, ಸರೌಂಡ್ ಅಂದರೆ ಸುತ್ತಲಿಂದ ಬೇರೆ ಬೇರೆ ಸದ್ದು ಬರಬೇಕು. 5.1 ಅಂದರೆ ಆರು ಬೇರೆ ಬೇರೆ ಚಾನೆಲ್, ಅಂದರೆ ಸದ್ದಿನ ಆರು ದಾರಿ: ಮುಂದೆ ಎಡ-ಬಲ, ಹಿಂದೆ ಎಡ-ಬಲ, ನಡುವೆ ಒಂದು, ವೂಫರಿಗೆ ಒಂದು. ಒಂದು ಸ್ಟೀರಿಯೊ ತೂತು ಎರಡು ಚಾನೆಲ್ ಮಾತ್ರ ಕೊಡುತ್ತದೆ. ಹಾಗಾಗಿ ಮೂರು ತೂತು ಬೇಕೇ ಬೇಕು.

ಒಳ್ಳೆಯ ಸುದ್ದಿ ಏನೆಂದರೆ, ಆ ಮೂರು ತೂತು ನನ್ನ ಕಂಪ್ಯೂಟರಿನ ಹಿಂದೆ ಮೊದಲೇ ಇದ್ದವು. ಹಸಿರು, ನೀಲಿ, ಗುಲಾಬಿ. ಸಾಮಾನ್ಯವಾಗಿ ನೀಲಿ ಹೊರಗಿನ ಸದ್ದು ಒಳಗೆ ತಗೊಳ್ಳಲಿಕ್ಕೆ, ಗುಲಾಬಿ ಮೈಕಿಗೆ. ಆದರೆ ಕಂಪ್ಯೂಟರಿನ ಸದ್ದು ನೋಡಿಕೊಳ್ಳುವ ರಿಯಲ್‌ಟೆಕ್ ಅನ್ನುವ ತಂತ್ರಾಂಶದ ಸೆಟ್ಟಿಂಗಿನಲ್ಲಿ 5.1 ಆರಿಸಿದರೆ ಕೆಲಸ ಬದಲಾಗುತ್ತದೆ. ಹಸಿರು ಮುಂದಿನ ಎಡ-ಬಲಕ್ಕೆ, ನೀಲಿ ಹಿಂದಿನ ಎಡ-ಬಲಕ್ಕೆ, ಗುಲಾಬಿ ನಡುವಿನ ಸ್ಪೀಕರ್ ಮತ್ತು ವೂಫರಿಗೆ. ಕಂಪ್ಯೂಟರಿನ ಹಿಂದೆ ಆರು ತೂತು ಇದ್ದವರಿಗೆ ಹಿಂದಿನದು ಕಪ್ಪು, ನಡುವಿನದು ಕಿತ್ತಳೆ. ಪ್ರತಿ ಸೆಟ್ಟಿನೊಳಗೂ ಸದ್ದಿಗೆ ಬಲ ಕೊಡುವ ಅದರದ್ದೇ ಆಂಪ್ಲಿಫೈಯರ್ ಇರುವುದರಿಂದ ಬೇರೆ ಏನೂ ಕೊಳ್ಳಬೇಕಿಲ್ಲ. ನಾನು ಕೊಂಡಿದ್ದು 5 ಮೀಟರಿನ ಒಂದು ಎಕ್ಸ್‌ಟೆನ್ಶನ್ ವೈರ್ ಅಷ್ಟೇ.

ಯಾವ ಸೆಟ್ ಎಲ್ಲಿಗೆ? ಇದರ ಮೇಲೆ ನಾನು ಒಂದು ವಾರ ಕಳೆದೆ. ಗುಲಾಬಿ ತೂತಿಗೆ ಮೊದಲು ಯುಎಸ್‌ಬಿ ಜೋಡಿ ಹಾಕಿದ್ದೆ. ಎಡ ಪೆಟ್ಟಿಗೆಯಲ್ಲಿ ನಡುವಿನ ಚಾನೆಲ್ಲಿನ ಮಾತು ಬಂತು. ಬಲ ಪೆಟ್ಟಿಗೆಗೆ ವೂಫರಿನ ಸದ್ದು ಹೋಗಿ ಅದು ತರತರ ನಡುಗಿತು. ಈ ವೂಫರ್ ಚಾನೆಲ್ಲಿನಲ್ಲಿ ಇರುವುದು ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ಸದ್ದು, ಅಂಗೈಯಗಲದ ಪೆಟ್ಟಿಗೆ ಅದನ್ನು ತಾಳುವುದಿಲ್ಲ. ಆಮೇಲೆ ತಮ್ಮನ 2.1 ಸೆಟ್ಟನ್ನು ಅಲ್ಲಿಗೆ ಹಾಕಿದೆ. ಎಡ ಪೆಟ್ಟಿಗೆ ಟಿವಿಯ ಕೆಳಗೆ ನಡುವಿನ ಸ್ಪೀಕರ್ ಆಯಿತು. ವೂಫರ್ ವೂಫರಾಗಿಯೇ ಉಳಿಯಿತು. ಬಲ ಪೆಟ್ಟಿಗೆಯ ವೈರ್ ಕಿತ್ತಿಟ್ಟೆ. ಎಷ್ಟು ಸಲೀಸಾಗಿ ಹೊಂದಿತು ಅಂದರೆ, ಅದನ್ನು ಇದಕ್ಕೇ ಮಾಡಿದ್ದಾರೇನೋ ಅನ್ನಿಸಿತು. ನಿಮ್ಮಲ್ಲಿ ಮಾತು ಬಲಗಡೆ ಬಂದರೆ ಗಾಬರಿ ಬೇಡ, ನಡುವಿನ ಸ್ಪೀಕರ್ ಮತ್ತು ವೂಫರನ್ನು ಅದಲುಬದಲು ಮಾಡುವ ಆಯ್ಕೆ ಸೆಟ್ಟಿಂಗಿನಲ್ಲೇ ಇರುತ್ತದೆ.

ಒಂದು ಸೂಕ್ಷ್ಮ ಇದೆ. ಮಾತಿನ ದಪ್ಪ ಭಾಗವೂ ಈ ವೂಫರಿನಿಂದಲೇ ಬರುತ್ತದೆ. ನಾನು ಅದನ್ನು ಮೂಲೆಯಲ್ಲಿ ಇಟ್ಟಾಗ ಗಂಡಸರ ದನಿ ಅರ್ಧ ಟಿವಿಯಿಂದ, ಅರ್ಧ ಮೂಲೆಯಿಂದ ಬಂದ ಹಾಗೆ ಕೇಳಿತು. ನಡುವಿನ ಪೆಟ್ಟಿಗೆಯ ಪಕ್ಕಕ್ಕೇ ತಂದಿಟ್ಟ ಮೇಲೆ ಸರಿಯಾಯಿತು.

ಮುಂದೆ ನನ್ನ 2.1, ಹಿಂದೆ ಯುಎಸ್‌ಬಿ ಜೋಡಿ. ಹಿಂದಿನ ಎರಡನ್ನು ಬೆನ್ನ ಹಿಂದಿನ ಗೋಡೆಗೆ ಇಡಬೇಡಿ. ಕೂತ ಜಾಗದ ಎಡಬಲಕ್ಕೆ, ಕಿವಿಗಿಂತ ತುಸು ಹಿಂದೆ, ತುಸು ಮೇಲೆ ಇರಬೇಕು. ನಾನು ಎರಡು ಕಿಟಕಿಗಳ ಮೇಲೆ ಹಲಗೆ ಹೊಡೆದೆ. ವೈರನ್ನು ಅಡಿಕೆ ದಬ್ಬೆಯ ಹಿಂದೆ ಎಳೆದೆ, ಕಾಲಿಗೆ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಹಿಂದಿನ ಜೋಡಿಗೆ ಕಂಪ್ಯೂಟರಿನ ಯುಎಸ್‌ಬಿಯಿಂದಲೇ ಕರೆಂಟ್ ಕೊಟ್ಟಿದ್ದೆ. ಸುಮ್ಮನಿದ್ದಾಗ ಸೊಳ್ಳೆ ಹಾಡಿದ ಹಾಗೆ ಕುಂಯ್ ಅನ್ನುತ್ತಿತ್ತು. ಮೌಸ್ ಆಡಿಸಿದರೆ ಅದರ ರಾಗವೂ ಬದಲಾಗುತ್ತಿತ್ತು! ಸದ್ದಿನ ವೈರ್, ಕರೆಂಟಿನ ವೈರ್ ಎರಡೂ ಒಂದೇ ಕಂಪ್ಯೂಟರಿಗೆ ಸೇರಿ ಸುತ್ತು ಆಗುವುದರಿಂದ ಹೀಗಾಗುತ್ತದೆ. ಹಳೇ ಮೊಬೈಲ್ ಚಾರ್ಜರಿಗೆ ಹಾಕಿದೆ, ನಿಂತಿತು.

ಇನ್ನು ಸದ್ದು ಹೊಂದಿಸುವುದು. ಇದೇ ನಿಜವಾದ ಕೆಲಸ, ಅವಸರ ಮಾಡಬೇಡಿ. ಮೂರು ಸೆಟ್, ಮೂರು ವಾಲ್ಯೂಮ್ ತಿರುಗಣೆ. ವಿಂಡೋಸಿನ ಸ್ಪೀಕರ್ ಟೆಸ್ಟ್ ಹಾಕಿ, ಸಿನಿಮಾ ನೋಡುವ ಕುರ್ಚಿಯಲ್ಲೇ ಕೂತು ಕೇಳಿ. ಎದ್ದು ಹೋಗಿ ತಿರುಗಿಸಿ, ಮತ್ತೆ ಬಂದು ಕೂರಿ. ಎಲ್ಲವೂ ಒಂದೇ ಜೋರಿಗೆ ಬಂದ ಮೇಲೆ ತಿರುಗಣೆಗಳ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಆಮೇಲೆ ಒಟ್ಟು ಸದ್ದನ್ನು ಕಂಪ್ಯೂಟರಿನಲ್ಲಿ ಮಾತ್ರ ಏರಿಸಿ ಇಳಿಸಿ. ಟಿವಿಯನ್ನು ಎಚ್‌ಡಿಎಂಐಯಲ್ಲಿ ಜೋಡಿಸಿದ್ದರೆ ಸದ್ದು ತಾನಾಗಿ ಟಿವಿಗೆ ಹೋಗಿಬಿಡಬಹುದು, ಅದನ್ನೂ ಒಮ್ಮೆ ನೋಡಿ.

5.1 ಇರುವ ಸಿನಿಮಾ ಹಾಕಿದಾಗಲೇ ಹಿಂದಿನವು ಮಾತಾಡುವುದು. ಹಾಡು, ಯಕ್ಷಗಾನದ ರೆಕಾರ್ಡಿಂಗ್ ಸಾಮಾನ್ಯವಾಗಿ ಸ್ಟೀರಿಯೊ, ಅವು ಮುಂದಿನ ಎರಡರಲ್ಲೇ ಬರಲಿ. ಚೆಂಡೆ ಸದ್ದನ್ನು ಬಲವಂತವಾಗಿ ಹಿಂದಕ್ಕೂ ಹರಡಿದರೆ ಅದರ ಪೆಟ್ಟೇ ಹೋಗುತ್ತದೆ. ಏಪ್ರಿಲ್-ಮೇ ಗುಡುಗು ಶುರುವಾದರೆ ಎಲ್ಲ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು.

ಹಿಂದಿನಿಂದ ಸದ್ದು ಬರುವುದೇ ದೊಡ್ಡ ಸಂತೋಷ ಅಂದುಕೊಂಡಿದ್ದೆ. ಆದರೆ ನಮ್ಮ ಮನೆಗೆ ಜಾಸ್ತಿ ಉಪಕಾರ ಆಗಿದ್ದು ನಡುವಿನ ಸ್ಪೀಕರಿನಿಂದ. 5.1 ಸಿನಿಮಾದಲ್ಲಿ ಮಾತು ಬಹುಪಾಲು ಆ ಒಂದು ಚಾನೆಲ್ಲಿನಲ್ಲೇ ಇರುತ್ತದೆ. ಅದಕ್ಕೆ ಬೇರೆಯದೇ ಸೆಟ್ ಇರುವುದರಿಂದ ಬೇರೆಯದೇ ತಿರುಗಣೆಯೂ ಇದೆ. ಅದನ್ನು ಏರಿಸಿ, ಅದೇ ಸೆಟ್ಟಿನ ಬಾಸ್ ಸ್ವಲ್ಪ ಇಳಿಸಿದರೆ ಸಂಗೀತ ಅಲ್ಲೇ ಇರುತ್ತದೆ, ಮಾತು ಮಾತ್ರ ಮಳೆಯ ಮೇಲೆ ಎದ್ದು ಕೇಳುತ್ತದೆ. ಆ ತಿರುಗಣೆಯ ಮೇಲೆ ಈಗ ಎರಡು ಗೆರೆ ಇವೆ, ಒಂದು ಬೇಸಿಗೆಗೆ, ಒಂದು ಮಳೆಗಾಲಕ್ಕೆ. ಮಳೆ ಜೋರಾದರೆ ಅಪ್ಪಯ್ಯನೇ ಎದ್ದು ಹೋಗಿ ಎರಡನೇ ಗೆರೆಗೆ ತಿರುಗಿಸಿ ಬರುತ್ತಾರೆ.