ತಲೆ ಮೇಲೆ ಬಾರದ ಉಪಗ್ರಹ

ಗಂಗಾವತಿಯಲ್ಲಿ ನನ್ನದು ಟಿವಿ, ಮಿಕ್ಸರ್ ರಿಪೇರಿ ಅಂಗಡಿ. ಮನೆ ಆನೆಗುಂದಿ ಕಡೆಯ ಹಳ್ಳಿಯಲ್ಲಿ. ಕಂಪ್ಯೂಟರ್‌ಗೆ ಸಿಕ್ಕಿಸಿ ರೇಡಿಯೊ ಕೇಳುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದನ್ನು ಕೊಂಡ ಮೇಲೆ ಉಪಗ್ರಹದ ದನಿ ಕೇಳುವ ಹುಚ್ಚು ಹತ್ತಿತು.

ನಾನು ಆರಿಸಿಕೊಂಡದ್ದು ಇಂಡೊನೇಷ್ಯಾದ ಲಪಾನ್-ಎ2. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಅದನ್ನು ಐಒ-86 ಅನ್ನುತ್ತಾರೆ; ಅವರ ಮಾತನ್ನು ಹಿಡಿದು ಮತ್ತೆ ಕೆಳಗೆ ಕಳಿಸುವ ರಿಪೀಟರ್ ಅದರಲ್ಲಿದೆ. 2015ರ ಸೆಪ್ಟೆಂಬರ್ 28ರಂದು ಭಾರತದ ಬಾಹ್ಯಾಕಾಶ ದೂರದರ್ಶಕ ಆಸ್ಟ್ರೋಸ್ಯಾಟ್ ಜೊತೆ ನಮ್ಮ ಪಿಎಸ್‌ಎಲ್‌ವಿಯಲ್ಲೇ ಮೇಲೆ ಹೋದದ್ದು. ಲಪಾನ್ ಸರಣಿಯ ಮೊದಲನೆಯದು, ಲಪಾನ್-ಎ1, 2007ರಲ್ಲಿ ಹೋದದ್ದೂ ಪಿಎಸ್‌ಎಲ್‌ವಿಯಲ್ಲೇ. ಅದನ್ನು ಇಂಡೊನೇಷ್ಯಾದವರು ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತ ಕಟ್ಟಿದ್ದರು; ಎರಡನೆಯದನ್ನು ತಮ್ಮ ದೇಶದಲ್ಲೇ ಕಟ್ಟಿದರು. ಈ ಸಂಗತಿ ನನಗೆ ಬಹಳ ಹಿಡಿಸಿತ್ತು. ನಾನೂ ರಿಪೇರಿ ಕಲಿತದ್ದು ಹಾಗೇ, ಬೇರೆಯವರ ಅಂಗಡಿಯಲ್ಲಿ ಕೂತು.

ಆಂಟೆನಾ ಕಷ್ಟವಾಗಲಿಲ್ಲ. ಉಪಗ್ರಹ ಮಾತು ಕಳಿಸುವ 435.880 ಮೆಗಾಹರ್ಟ್ಸ್‌ಗೆ ಅಲೆಯುದ್ದ ಸುಮಾರು 69 ಸೆಂ.ಮೀ., ಅದರರ್ಧಕ್ಕಿಂತ ತುಸು ಕಡಿಮೆ ಕತ್ತರಿಸಿದ ಮೂರು ಕಡ್ಡಿ, ಒಂದು ಕಟ್ಟಿಗೆ ಪಟ್ಟಿ, ಹಳೇ ಡಿಶ್ ವೈರು. ಅಷ್ಟೇ.

ಆದರೆ ಎರಡು ವಾರ ಬರೀ ಗೊರಗೊರ. ಆಂಟೆನಾವನ್ನು ಆಕಾಶಕ್ಕೆ ನೆಟ್ಟಗೆ ಹಿಡಿದದ್ದೇ ಮೊದಲ ತಪ್ಪು. ಇಂಡೊನೇಷ್ಯಾ ಇರುವುದು ಸಮಭಾಜಕದ ಮೇಲೆ, ಹಾಗಾಗಿ ಉಪಗ್ರಹದ ಕಕ್ಷೆಯ ಓರೆ ಬರೀ 6 ಡಿಗ್ರಿ. ಅವರ ನೆತ್ತಿಯ ಮೇಲೆ ಅದು ದಿನಕ್ಕೆ ಹದಿನಾಲ್ಕು ಸಲದ ಹತ್ತಿರ ಹಾಯುತ್ತದೆ. ನಮಗೋ ಸುಮಾರು ಒಂದೂಮುಕ್ಕಾಲು ತಾಸಿಗೊಮ್ಮೆ ಬಂದರೂ ದಕ್ಷಿಣದ ಅಂಚಿನಲ್ಲೇ ಸುಳಿದು ಹೋಗುತ್ತದೆ. ಲೆಕ್ಕ ಹಾಕಿದರೆ ಹೆಚ್ಚೆಂದರೆ ಸುಮಾರು 25 ಡಿಗ್ರಿ ಎತ್ತರ, ಕೆಲವು ಸುತ್ತಿನಲ್ಲಿ ಮೂರೇ ಡಿಗ್ರಿ. ನಮ್ಮ ಮನೆಯ ದಕ್ಷಿಣಕ್ಕೆ ಏನಿದೆ? ಬಂಡೆಗುಡ್ಡ!

ಸಾಮಾನು ಕಟ್ಟಿಕೊಂಡು ಸಿಂಧನೂರಿನ ಅಕ್ಕನ ಮನೆಗೆ ಹೋದೆ. ಅಲ್ಲಿ ಕಣ್ಣು ಹಾಯುವಷ್ಟೂ ನಾಲೆ ನೀರಿನ ಭತ್ತದ ಗದ್ದೆ, ಗುಡ್ಡದ ಕಾಟವಿಲ್ಲ. ಮಾಳಿಗೆ ಮೇಲೆ ಕೋಲು ಹಿಡಿದು ನಿಂತವನನ್ನು ನೋಡಿ ಅಕ್ಕ, "ಮತ್ತ ಆಂಟೆನಾ ತಿರುಗ್ಸೋ ಕಾಲ ಬಂತೇನೋ ತಮ್ಮಾ?" ಅಂದಳು.

ಅಲ್ಲೂ ಎರಡು ದಿನ ಏನೂ ಕೇಳಿಸಲಿಲ್ಲ. ಉಪಗ್ರಹ ನೈಋತ್ಯದಲ್ಲಿ ಏಳುತ್ತಿತ್ತು. ಐದಾರು ನಿಮಿಷ ಕಾದು, ಬೇಸತ್ತು ನಾನೇ ಬಂದ್ ಮಾಡುತ್ತಿದ್ದೆ. ಮೂರನೇ ದಿನ ನಕಾಶೆ ಬಿಡಿಸಿಕೊಂಡು ಕೂತಾಗ ಹೊಳೆಯಿತು. ಮೊದಲರ್ಧದಲ್ಲಿ ಅದರ ಕೆಳಗಿರುವುದು ಬರೀ ಸಮುದ್ರ, ಮಾತಾಡುವವರೇ ಇಲ್ಲ. ಸುಮಾತ್ರಾ ಅದರ ಕಣ್ಣಿಗೆ ಬೀಳುವುದು ನಮ್ಮಿಂದ ಪೂರ್ವಕ್ಕೆ ಸರಿಯುವಾಗ. ಆಗ ದೂರ ಹೋಗುತ್ತಿರುವ ಉಪಗ್ರಹದ ಫ್ರೀಕ್ವೆನ್ಸಿ, ದೂರ ಸರಿಯುವ ರೈಲಿನ ಸಿಳ್ಳೆ ತಗ್ಗಿದಂತೆ, ಡಾಪ್ಲರ್ ಪರಿಣಾಮದಿಂದ ಏಳೆಂಟು ಕಿಲೋಹರ್ಟ್ಸ್ ಕೆಳಗೆ ಜಾರಿರುತ್ತದೆ. ನಾನು 435.880 ಬಿಟ್ಟು ಅಲುಗಿರಲಿಲ್ಲ.

ಅಂದು ಸಂಜೆ ಆಂಟೆನಾ ಆಗ್ನೇಯಕ್ಕೆ ತಿರುಗಿಸಿ, 435.873ರಲ್ಲಿ ಕಾದೆ. ಗೊರಗೊರ ಒಮ್ಮೆಲೇ ನಿಂತಿತು. "ಯಾಂಕಿ ಬ್ರಾವೊ..." ಅಂತ ಗಂಡಸಿನ ದನಿ (ವೈ-ಬಿ, ಇಂಡೊನೇಷ್ಯಾದ ಹ್ಯಾಮ್ ಕರೆಹೆಸರಿನ ಶುರು), ಹಿಂದೆಯೇ ಇನ್ನೊಬ್ಬರ ನಗು. ಮೂರು ನಿಮಿಷ ಇರಬೇಕು.

"ಏನಂದ್ರೋ?" ಅಂದಳು ಅಕ್ಕ.

"ಅವರ ಭಾಷಿ ಅಕ್ಕ, ತಿಳೀಲಿಲ್ಲ."

ಅದರ ರಿಪೀಟರ್ ಯಾವಾಗಲೂ ಚಾಲೂ ಇರುವುದಿಲ್ಲ. ಅವರು ಆನ್ ಮಾಡಿದಾಗಷ್ಟೇ ಮಾತು. ತಿರುಗಿ ಮಾತಾಡಬೇಕೆಂದರೆ ಹ್ಯಾಮ್ ಲೈಸೆನ್ಸ್ ಬೇಕು. ಅಂಗಡಿ ಬಾಗಿಲು ಹಾಕಿದ ಮೇಲೆ ಈಗ ಅದರ ಪರೀಕ್ಷೆಗೆ ಓದುತ್ತಿದ್ದೇನೆ.