ಸೈಕಲ್ಲಿಗೆ ವಿಮಾನದ ಖರ್ಚೆಷ್ಟು? ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಹೊರಡುವ ಮುನ್ನ ಕೂಡಿಸಬೇಕಾದ ಲೆಕ್ಕ

ಲೇಹ್‌ಗೋ ಗೋವಾಕ್ಕೋ ಸ್ವಂತ ಸೈಕಲ್ ಒಯ್ಯಬೇಕು ಅಂದುಕೊಂಡವರು ಮೊದಲು ತಮ್ಮ ಟಿಕೆಟ್ ದರ ನೋಡುತ್ತಾರೆ. ಸೈಕಲ್ಲಿನ ಖರ್ಚು ಅಲ್ಲಿ ಕಾಣುವುದಿಲ್ಲ. ಅದು ತೂಕ, ಪೆಟ್ಟಿಗೆಯ ಅಳತೆ, ದುಡ್ಡು ಕಟ್ಟುವ ಹೊತ್ತು ಮತ್ತು ಎಷ್ಟು ಟಿಕೆಟ್‌ಗಳಲ್ಲಿ ಪ್ರಯಾಣ ಎಂಬ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಬುಕ್ ಮಾಡುವ ಮೊದಲೇ ನಾಲ್ಕನ್ನೂ ಕೂಡಿಸಿ ನೋಡಿದವರಿಗೆ ಕೌಂಟರಿನಲ್ಲಿ ಬೆವರು ಬರುವುದಿಲ್ಲ.

ತೂಕದಿಂದ ಶುರುಮಾಡೋಣ. ಒಳನಾಡಿನ ಹೆಚ್ಚಿನ ಸಾಮಾನ್ಯ ಟಿಕೆಟ್‌ಗಳಲ್ಲಿ ಚೆಕ್-ಇನ್ ಬ್ಯಾಗೇಜಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಸೈಕಲ್ಲುಗಳಲ್ಲಿ ರೋಡ್ ಬೈಕ್ 8ರಿಂದ 10 ಕಿಲೋ, ಗುಡ್ಡಗಾಡಿನ ಎಂಟಿಬಿ 13ರಿಂದ 15, ಎರಡರ ನಡುವಿನ ಹೈಬ್ರಿಡ್ 11ರಿಂದ 13. ಅದರ ಮೇಲೆ ರಟ್ಟಿನ ಪೆಟ್ಟಿಗೆ 3 ಕಿಲೋ. ಗಟ್ಟಿ ಪ್ಲಾಸ್ಟಿಕ್ ಕೇಸ್ ಆದರೆ ಅದೇ 10 ಕಿಲೋ ದಾಟುತ್ತದೆ. ಚೆಂದದ ಕೇಸ್ ಕೊಂಡು ಪ್ರತಿ ಪ್ರಯಾಣದಲ್ಲೂ ಖಾಲಿ ಪ್ಲಾಸ್ಟಿಕ್ಕಿಗೆ ತೂಕದ ದುಡ್ಡು ಕೊಡುವುದು ನಮ್ಮ ಪ್ರಕಾರ ದಂಡ. ವರ್ಷಕ್ಕೆ ಒಂದೆರಡು ಸಲ ಹಾರುವವರಿಗೆ ರಟ್ಟೇ ಸಾಕು.

ಒಂದು ಉದಾಹರಣೆ ಹಿಡಿಯೋಣ. ಹೈಬ್ರಿಡ್ 12 ಕಿಲೋ, ಪೆಟ್ಟಿಗೆ 3, ಸಲಕರಣೆ 1, ಒಟ್ಟು 16. ಬಟ್ಟೆಬರೆ 8 ಕಿಲೋ. ಎಲ್ಲ ಚೆಕ್-ಇನ್‌ಗೆ ಕೊಟ್ಟರೆ 24, ಅಂದರೆ 9 ಕಿಲೋ ಹೆಚ್ಚು. ಹೆಚ್ಚುವರಿ ಕಿಲೋಗೆ 500 ರೂಪಾಯಿ ಎಂದು ಸುಮ್ಮನೆ ಹಿಡಿದರೂ ಹೋಗಲು 4,500, ಬರಲು ಇನ್ನೊಂದು 4,500. ಅದೇ ಬಟ್ಟೆಯನ್ನು 7 ಕಿಲೋದೊಳಗೆ ಇಳಿಸಿ ಕೈಚೀಲಕ್ಕೆ ತುಂಬಿ, ಶೂ ಮತ್ತು ಜಾಕೆಟ್ ಮೈಮೇಲೆ ಹಾಕಿಕೊಂಡು ಹೊರಟರೆ ಹೆಚ್ಚಾಗುವುದು ಒಂದೇ ಕಿಲೋ. ಖರ್ಚು ಇಳಿಸಲು ಇದಕ್ಕಿಂತ ದೊಡ್ಡ ಉಪಾಯ ಬೇರೆ ಇಲ್ಲ. ಕಿಲೋ ದರವಂತೂ ಆಗಾಗ ಬದಲಾಗುತ್ತದೆ. ಬುಕ್ ಮಾಡುವ ದಿನ ಆ ಕಂಪನಿಯ ಆ್ಯಪ್‌ನಲ್ಲಿ ಕಾಣುವ ದರವನ್ನೇ ಲೆಕ್ಕಕ್ಕೆ ಹಾಕಿ.

ತೂಕ ನೋಡಲು ಬಚ್ಚಲುಮನೆಯ ಸ್ಕೇಲ್ ನಂಬಬೇಡಿ. ಅಡಿಕೆ ಮಂಡಿಯಲ್ಲೋ ಗೊಬ್ಬರದ ಅಂಗಡಿಯಲ್ಲೋ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ, ಪೆಟ್ಟಿಗೆ ಅಲ್ಲಿಗೆ ಒಯ್ಯಿರಿ. ಒಂದೇ ಪೆಟ್ಟಿಗೆ 32 ಕಿಲೋ ದಾಟಿದರೆ ಎಷ್ಟು ದುಡ್ಡು ಕೊಟ್ಟರೂ ಬ್ಯಾಗೇಜ್ ಆಗಿ ಹೋಗುವುದಿಲ್ಲ. ಎತ್ತಿ ಇಳಿಸುವವರ ಬೆನ್ನು ಉಳಿಯಲೆಂದೇ ಇರುವ ಮಿತಿ ಅದು.

ಇನ್ನು ಅಳತೆ. ಉದ್ದ, ಅಗಲ, ಎತ್ತರ ಕೂಡಿಸಿದರೆ 158 ಸೆಂಟಿಮೀಟರ್ ಮೀರಬಾರದು ಎನ್ನುವುದು ಹೆಚ್ಚಿನ ಕಂಪನಿಗಳ ಮಾಮೂಲಿ ಲೆಕ್ಕ. ಸೈಕಲ್ ಪೆಟ್ಟಿಗೆ ಸುಮಾರು 135, 75, 20, ಒಟ್ಟು 230. ಯಾವ ರೀತಿ ಮಡಚಿದರೂ ದೊಡ್ಡ ಗಾತ್ರದ ಸಾಮಾನೇ. ಹಾಗಾಗಿ ಕಂಪನಿಯ ನಿಯಮದಲ್ಲಿ ಎರಡು ವಿಷಯ ಹುಡುಕಿ: ಕ್ರೀಡಾ ಸಲಕರಣೆಗೆ ಪ್ರತ್ಯೇಕ ಶುಲ್ಕ ಇದೆಯೇ, ಇದ್ದರೆ ಅದು ಹೆಚ್ಚುವರಿ ತೂಕದ ದುಡ್ಡಿನ ಬದಲಿಗೋ ಅಥವಾ ಅದರ ಮೇಲೋ. ಎರಡನೆಯದು ಸ್ಪಷ್ಟವಾಗದಿದ್ದರೆ ಇಮೇಲ್ ಮಾಡಿ ಕೇಳಿ, ಬಂದ ಉತ್ತರವನ್ನು ಪ್ರಿಂಟ್ ತೆಗೆದು ಜೊತೆಗಿಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದ ಮಾತು ಕೌಂಟರಿನಲ್ಲಿ ನಡೆಯುವುದಿಲ್ಲ. ಹೆಚ್ಚುವರಿ ತೂಕವನ್ನು ಮೊದಲೇ ಆನ್‌ಲೈನಿನಲ್ಲಿ ಕೊಂಡರೆ ಸಾಮಾನ್ಯವಾಗಿ ಕೌಂಟರಿಗಿಂತ ಅಗ್ಗ.

ಟಿಕೆಟ್ ವಿಷಯದಲ್ಲಿ ನಮ್ಮೂರಿನವರು ಎಡವುವುದೇ ಹೆಚ್ಚು. ಶಿವಮೊಗ್ಗದಿಂದ ಬೆಂಗಳೂರು ಒಂದು ಟಿಕೆಟ್, ಬೆಂಗಳೂರಿನಿಂದ ದೆಹಲಿ, ಲೇಹ್ ಬೇರೆ ಕಂಪನಿಯಲ್ಲಿ ಇನ್ನೊಂದು ಟಿಕೆಟ್ ಮಾಡಿಸಿದರೆ ಹೆಚ್ಚುವರಿ ದುಡ್ಡು ಎರಡು ಸಲ. ಮೇಲಾಗಿ ಪೆಟ್ಟಿಗೆಯನ್ನು ನಡುವೆ ಬಿಡಿಸಿಕೊಂಡು ಮತ್ತೆ ಕೊಡಬೇಕು. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದ ಇದ್ದರೂ, 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಎಟಿಆರ್ ಎಂಬ ಚಿಕ್ಕ ಮಾದರಿಯದು. ಇಂಥ ವಿಮಾನದಲ್ಲಿ ಸಾಮಾನಿನ ಜಾಗವೂ ಕಮ್ಮಿ, ಸೀಟು ತುಂಬಿದ ದಿನ ತೂಕದ ಮಿತಿಯೂ ಬಿಗಿ. ಪೆಟ್ಟಿಗೆ ಹಿಂದೆ ಉಳಿಯಬಹುದು. ಬುಕ್ ಆದ ಕೂಡಲೇ ಕಂಪನಿಗೆ ಪೆಟ್ಟಿಗೆಯ ಅಳತೆ, ತೂಕ ತಿಳಿಸಿ ಒಪ್ಪಿಗೆ ಪಡೆಯಿರಿ. ಮಳೆಗಾಲದಲ್ಲಿ ಮೋಡ ಮುಸುಕಿದರೆ ವಿಮಾನ ತಡವಾಗುವುದೂ ಉಂಟು. ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕೆ ನಾಲ್ಕೈದು ಗಂಟೆ ಬಿಡುವಿಟ್ಟುಕೊಳ್ಳಿ.

ಬೆಂಗಳೂರಿನವರೆಗೆ ರೈಲು ಹಿಡಿದು ಅಲ್ಲಿಂದ ಹಾರುವುದೂ ಒಂದು ದಾರಿ, ಎಷ್ಟೋ ಸಲ ಅದೇ ಲೇಸು. ಶಿವಮೊಗ್ಗ ಟೌನ್ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ನಿಮ್ಮ ಟಿಕೆಟ್ ತೋರಿಸಿ ಸೈಕಲ್ಲನ್ನು ಲಗೇಜ್ ಆಗಿ ಬುಕ್ ಮಾಡಿಸಿ. ಅದು ನಿಮ್ಮ ರೈಲಿನ ಬ್ರೇಕ್ ವ್ಯಾನಿನಲ್ಲೇ ಬರುತ್ತದೆ. ಇಲ್ಲಿಂದಲೇ ಹೊರಡುವ ರೈಲು ಆರಿಸಿ, ಏಕೆಂದರೆ ತಾಳಗುಪ್ಪದಿಂದ ಬರುವ ಗಾಡಿ ಇಲ್ಲಿ ನಿಲ್ಲುವ ಅಷ್ಟು ಹೊತ್ತಿನಲ್ಲೇ ಹತ್ತಿಸಬೇಕಾಗುತ್ತದೆ. ಕೊರಿಯರ್ ಬೇಡ: ಅವರು ಹೆಚ್ಚಾಗಿ ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸಿ, ಬಂದದ್ದನ್ನೇ ತೂಕ ಎಂದು ಹಿಡಿಯುತ್ತಾರೆ. ಮೇಲಿನ ಪೆಟ್ಟಿಗೆ ಆ ಲೆಕ್ಕದಲ್ಲಿ 40.5 ಕಿಲೋ!

ಪ್ಯಾಕಿಂಗ್

ಸೈಕಲ್ ಶಾಪಿನಲ್ಲಿ ಹೊಸ ಸೈಕಲ್ ಬಂದ ಪೆಟ್ಟಿಗೆಯನ್ನು ಎರಡು ದಿನ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗುಜರಿಗೆ ಹೋಗಿರುತ್ತದೆ. ಬೇಕಾದ ಸಲಕರಣೆ 15 ಎಂಎಂ ಸ್ಪ್ಯಾನರ್, 4, 5, 6 ಎಂಎಂ ಅಲೆನ್ ಕೀ, ಅಗಲದ ಟೇಪ್, ಪೈಪ್ ಸುತ್ತುವ ಫೋಮ್.

ಮೊದಲು ಪೆಡಲ್. ಎಡಗಡೆಯದಕ್ಕೆ ಉಲ್ಟಾ ಥ್ರೆಡ್. ನೆನಪಿಗೆ ಸುಲಭ ಸೂತ್ರ: ಸ್ಪ್ಯಾನರ್ ಮೇಲ್ಮುಖವಾಗಿ ನಿಂತಿರಲಿ, ಎರಡು ಪೆಡಲ್ಲನ್ನೂ ಹಿಂದಿನ ಚಕ್ರದ ಕಡೆಗೆ ಎಳೆದರೆ ಸಡಿಲ. ಸೀಟ್ ಪೋಸ್ಟ್ ತೆಗೆಯುವ ಮುನ್ನ ಎಷ್ಟು ಎತ್ತರದಲ್ಲಿತ್ತು ಎಂದು ಟೇಪಿನಿಂದ ಗುರುತು ಹಾಕಿ. ಹ್ಯಾಂಡಲ್ಲಿನ ಮುಂದಿನ ನಾಲ್ಕು ಬೋಲ್ಟ್ ಬಿಚ್ಚಿ, ಕೇಬಲ್ ಸಮೇತ ಫ್ರೇಮಿಗೆ ಒರಗಿಸಿ ಕಟ್ಟಿ, ಬೋಲ್ಟುಗಳನ್ನು ಮತ್ತೆ ಅದರ ಜಾಗಕ್ಕೇ ತಿರುಗಿಸಿಡಿ. ಚೀಲದಲ್ಲಿಟ್ಟ ಬೋಲ್ಟೇ ಕಳೆದುಹೋಗುವುದು.

ಪ್ರಯಾಣದಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಹಿಂದಿನ ಡಿರೇಲರ್, ಅಂದರೆ ಗಿಯರ್ ಬದಲಿಸಲು ಚೈನನ್ನು ಪಕ್ಕಕ್ಕೆ ಸರಿಸುವ ಭಾಗ. ಪೆಟ್ಟಿಗೆಯನ್ನು ಬಲಮಗ್ಗುಲಿಗೆ ಮಲಗಿಸಿದರೆ ಭಾರವೆಲ್ಲ ಅದರ ಮೇಲೆ ಬಿದ್ದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ. ಆಮೇಲೆ ದೊಡ್ಡ ಗಿಯರಿಗೆ ಹಾಕಿದೊಡನೆ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಕೊಳ್ಳಬಹುದು. 5 ಎಂಎಂ ಕೀಯಿಂದ ಬಿಚ್ಚಿ, ಬಬಲ್ ಶೀಟ್ ಸುತ್ತಿ, ಚೈನ್ ಸಮೇತ ಫ್ರೇಮಿನ ಒಳಬದಿಗೆ ಕಟ್ಟಿ. ನಿಮ್ಮ ಫ್ರೇಮಿಗೆ ಹೊಂದುವ ಒಂದು ಹ್ಯಾಂಗರ್ ಜೊತೆಗಿರಲಿ. ಅದು ಮಾಡೆಲ್ಲಿಗೊಂದು ಆಕಾರ, ಹೋದ ಊರಿನಲ್ಲಿ ಸಿಗುವ ಭರವಸೆ ಇಲ್ಲ.

ಮುಂದಿನ ಚಕ್ರ ಬಿಚ್ಚಿ ಚೈನ್ ಇಲ್ಲದ ಎಡಮಗ್ಗುಲಿಗೆ ಕಟ್ಟಿ. ಆ ಚಕ್ರ ಹಿಡಿಯುವ ಫೋರ್ಕಿನ ಕಾಲುಗಳ ನಡುವೆ ಪ್ಲಾಸ್ಟಿಕ್ ಸ್ಪೇಸರ್ ಇಡಿ, ಶಾಪಿನಲ್ಲಿ ಸುಮ್ಮನೆ ಕೊಡುತ್ತಾರೆ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ನಡುವೆಯೂ ಒಂದು ತುಂಡು ರಟ್ಟು ತೂರಿಸಿ. ಚಕ್ರ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಹೈಡ್ರಾಲಿಕ್ ಪಿಸ್ಟನ್ ಮುಂದೆ ಬಂದು, ಮತ್ತೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ.

ಟಯರಿನ ಗಾಳಿ ಇಳಿಸಿ ಎನ್ನುತ್ತಾರೆ, ಇಳಿಸಿ. ಹಾಗೆಂದು ಟ್ಯೂಬ್ ಒಡೆಯುತ್ತದೆ ಎಂಬ ಹೆದರಿಕೆ ಬೇಡ. ಸಾಮಾನಿನ ಕೋಣೆಯಲ್ಲೂ ಒತ್ತಡ ಕಾಪಾಡುವುದರಿಂದ ವ್ಯತ್ಯಾಸವಾಗುವುದು ನಾಲ್ಕು ಪಿಎಸ್‌ಐ ಆಸುಪಾಸು. ಪೂರ್ತಿ ಖಾಲಿ ಮಾಡದೆ, ರಿಮ್ಮಿಗೆ ಪೆಟ್ಟು ತಾಗದಷ್ಟು ಉಳಿಸಿ.

ಪೆಟ್ಟಿಗೆಯ ಸಂದಿಗೆ ಹುಲ್ಲು, ಅಡಿಕೆ ಹಾಳೆ ತುಂಬಬೇಡಿ. ಟಯರಿನ ಕೆಮ್ಮಣ್ಣನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮಣ್ಣು, ಸೊಪ್ಪುಸದೆ ಕಂಡರೆ ಸಾಮಾನನ್ನೇ ತಡೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ. ತಳಕ್ಕೆ ಎರಡು ಪದರ ಟೇಪ್ ಹಾಕಿ, ಸೈಕಲ್ಲನ್ನು ದೊಡ್ಡ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಯೇ ಒಳಗಿಡಿ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಿಥಿಯಂ ಬ್ಯಾಟರಿಯ ಲೈಟನ್ನೂ ಅಲ್ಲೇ ಇಡಿ. ಸ್ಪ್ಯಾನರ್, ಮಲ್ಟಿಟೂಲ್ ಪೆಟ್ಟಿಗೆಯಲ್ಲಿ. ಸ್ಪ್ರೇ ಡಬ್ಬಿ, ಟಯರಿಗೆ ಗಾಳಿ ತುಂಬುವ ಸಿಒ2 ಕಾರ್ಟ್ರಿಜ್ ಮನೆಯಲ್ಲೇ ಬಿಟ್ಟು ಕೈಪಂಪ್ ಒಯ್ಯಿರಿ. ಇ-ಸೈಕಲ್ಲಿನ ಬ್ಯಾಟರಿ ಹೆಚ್ಚಾಗಿ 160 ವ್ಯಾಟ್-ಅವರ್ ಮಿತಿಗಿಂತ ಬಹಳ ದೊಡ್ಡದು, ಪ್ರಯಾಣಿಕ ವಿಮಾನದಲ್ಲಿ ಒಯ್ಯಲಾಗದು.

ನಿಲ್ದಾಣಕ್ಕೆ ಎರಡೂವರೆ ಗಂಟೆ ಮೊದಲು ತಲುಪಿ. ಆಟೋದಲ್ಲಿ ಪೆಟ್ಟಿಗೆ ಹಿಡಿಸುವುದಿಲ್ಲ. ಲಗೇಜ್ ಆಟೋ ಅಥವಾ ಸೀಟು ಮಡಚುವ ಕಾರು ಬೇಕು, ಆ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ. ಭದ್ರತೆಯವರು ತೆರೆದು ನೋಡಬಹುದು, ಟೇಪಿನ ಇನ್ನೊಂದು ಸುರುಳಿ ಕೈಯಲ್ಲಿರಲಿ. ಹಾನಿಗೆ ಕಂಪನಿ ಹೊಣೆಯಲ್ಲ ಎಂಬ ಟ್ಯಾಗ್‌ಗೆ ಸಹಿ ಕೇಳಿದರೆ, ಪ್ಯಾಕಿಂಗಿನ ಫೋಟೋ ನಿಮ್ಮ ಹತ್ತಿರ ಇದ್ದರೆ ಒಳ್ಳೆಯದು.

ಇಳಿದ ಮೇಲೆ ಪೆಟ್ಟಿಗೆ ಬೆಲ್ಟಿನ ಮೇಲೆಯೇ ಬರಬೇಕೆಂದಿಲ್ಲ, ದೊಡ್ಡ ಸಾಮಾನು ಕೊಡುವ ಜಾಗ ಕೇಳಿ. ಹೊರಗೆ ಬರುವ ಮೊದಲು ಅಲ್ಲೇ ತೆರೆದು ಫೋರ್ಕ್, ಹ್ಯಾಂಗರ್, ರಿಮ್ ನೋಡಿ. ಪೆಟ್ಟಾಗಿದ್ದರೆ ಅಲ್ಲಿನ ಕೌಂಟರಿನಲ್ಲೇ ಲಿಖಿತ ದೂರು ಕೊಟ್ಟು ಪ್ರತಿ ಪಡೆಯಿರಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ದೂರಿಗೆ ಗಡುವು 7 ದಿನ. ಪೆಟ್ಟಿಗೆಯನ್ನು ಬಿಸಾಡಬೇಡಿ, ಇಳಿದುಕೊಂಡ ಹೋಟೆಲಿನವರಿಗೆ ಹೇಳಿ ಮೂಲೆಯಲ್ಲಿ ಇರಿಸಿ. ವಾಪಸ್ ಬರುವಾಗ ಅದೇ ಬೇಕಾಗುತ್ತದೆ.